ಕೇಬಲ್ಲೋ, ಡಿಎಸ್‌ಎಲ್ಲೋ? ಕಾಸರಗೋಡಿನ ಮನೆಯಿಂದ ಇಂಟರ್ನೆಟ್ಟಿನ ದಾರಿ ಅಳೆಯುವ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ತಲಪಾಡಿಯ ರಾಜ್ಯ ಗಡಿ ದಾಟಿದರೆ ಆಯಿತು. ಆದರೆ ಮಂಜೇಶ್ವರದ ಮನೆಯಿಂದ ಮಂಗಳೂರಿನ ಒಂದು ಆಫೀಸಿನ ಸರ್ವರ್‌ಗೆ ಹೊರಟ ಪ್ಯಾಕೆಟ್ (ಇಂಟರ್ನೆಟ್ಟಿನಲ್ಲಿ ಮಾಹಿತಿ ಹೋಗುವ ಸಣ್ಣ ತುಂಡು) ತಲಪಾಡಿಯ ಕಡೆ ತಿರುಗಿಯೂ ನೋಡದೆ ಕೊಚ್ಚಿಗೆ, ಅಲ್ಲಿಂದ ಚೆನ್ನೈಗೆ, ಮತ್ತೆ ಬೆಂಗಳೂರಿಗೆ, ಕೊನೆಗೆ ಮಂಗಳೂರಿಗೆ ಹೋಗುವ ಸಾಧ್ಯತೆ ಉಂಟು. ಟೆಲಿಕಾಂ ಲೆಕ್ಕದಲ್ಲಿ ನಾವು ಕೇರಳ ಸರ್ಕಲ್, ಮಂಗಳೂರು ಕರ್ನಾಟಕ ಸರ್ಕಲ್. ನಿಮ್ಮ ಕಂಪೆನಿಯ ಜಾಲ, ಆ ಆಫೀಸಿನ ಕಂಪೆನಿಯ ಜಾಲ ಎರಡೂ ಸೇರುವುದು ಸಾಮಾನ್ಯವಾಗಿ ದೊಡ್ಡ ನಗರದ ಇಂಟರ್ನೆಟ್ ಎಕ್ಸ್‌ಚೇಂಜಿನಲ್ಲಿ (ಕಂಪೆನಿಗಳ ಜಾಲಗಳು ಕೂಡುವ ಜಾಗ), ಗಡಿಯಲ್ಲಿ ಅಲ್ಲ.

ಅದಕ್ಕೇ ಗಡಿಯ ಊರಿನವರು ಹೊಸ ಕನೆಕ್ಷನ್ ತೆಗೆದುಕೊಳ್ಳುವಾಗ ಎಂಬಿಪಿಎಸ್ (ವೇಗದ ಅಳತೆ) ಮಾತ್ರ ಕೇಳಿದರೆ ಸಾಲದು. ಮನೆಗೆ ಬರುವ ತಂತಿ ಒಂದು ವಿಷಯ. ಆ ತಂತಿಯ ಆಚೆ ಕಂಪೆನಿ ನಿಮ್ಮ ಪ್ಯಾಕೆಟ್ಟನ್ನು ಯಾವ ದಾರಿಯಲ್ಲಿ ಕಳಿಸುತ್ತದೆ ಎಂಬುದು ಬೇರೆಯೇ ವಿಷಯ. ಟಿವಿ ಕೇಬಲಿನಲ್ಲಿ ಬರುವ ಇಂಟರ್ನೆಟ್ಟಾ, ಫೋನಿನ ತಂತಿಯಲ್ಲಿ ಬರುವ ಡಿಎಸ್‌ಎಲ್ಲಾ ಎಂದು ಹೋಲಿಸುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಅಳೆಯಲು ಬೇಕಾದ ಸಾಮಾನೆಲ್ಲ ಉಚಿತ. ಬೇಕಾಗುವುದು ಒಂದು ವಾರದ ತಾಳ್ಮೆ.

ಹಂತ 1: ಮನೆಗೆ ಬರುತ್ತಿರುವುದು ಎಂತ ತಂತಿ, ನೋಡಿ

ಹೆಸರು ನಂಬಬೇಡಿ, ತಂತಿ ನೋಡಿ. ಲ್ಯಾಂಡ್‌ಲೈನ್ ಫೋನಿನ ತೆಳ್ಳಗಿನ ಜೋಡಿ ತಂತಿ, ಒಂದು ಸಣ್ಣ ಸ್ಪ್ಲಿಟರ್, ಅದರಿಂದ ಮೋಡೆಮ್‌ಗೆ ಫೋನಿನ ಪಿನ್ ಇದ್ದರೆ ಅದು ಡಿಎಸ್‌ಎಲ್. ಬಿಎಸ್‌ಎನ್‌ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಶುರು ಮಾಡಿದಾಗ ನಮ್ಮ ಊರುಗಳಿಗೆ ಬಂದದ್ದು ಇದೇ. ಟಿವಿಗೆ ಬರುವಂಥ ದಪ್ಪ ಕಪ್ಪು ತಂತಿ, ತುದಿಯಲ್ಲಿ ತಿರುಗಿಸಿ ಬಿಗಿಮಾಡುವ ಕನೆಕ್ಟರ್ ಇದ್ದರೆ ಅದು ಕೇಬಲ್ ಇಂಟರ್ನೆಟ್. ಕೂದಲಿನಷ್ಟು ಸಪೂರದ ಗಾಜಿನ ಎಳೆ ಇರುವ ವಯರ್ ಒಂದು ಸಣ್ಣ ಪೆಟ್ಟಿಗೆಗೆ ಹೋಗುತ್ತಿದ್ದರೆ ಅದು ಫೈಬರ್. ಈಗ ಕೇಬಲಿನವರು ಕೊಡುವುದೂ ಹೆಚ್ಚಾಗಿ ಫೈಬರೇ. ಬಿಎಸ್‌ಎನ್‌ಎಲ್ ಕೂಡ ತಾಮ್ರ ಬಿಟ್ಟು ಫೈಬರಿಗೆ ಸರಿಯುತ್ತಿದೆ. ಕೇಬಲ್ ಆಪರೇಟರುಗಳು ಸೇರಿ ಕಟ್ಟಿದ ಕೇರಳ ವಿಷನ್, ಏಷ್ಯಾನೆಟ್, 2023ರಲ್ಲಿ ಉದ್ಘಾಟನೆಯಾದ ರಾಜ್ಯ ಸರಕಾರದ ಕೆಫೋನ್, ಹೀಗೆ ಆಯ್ಕೆ ಹಲವು. ತಂತಿ ಯಾವುದೇ ಇರಲಿ, ಮುಂದೆ ಹೇಳುವ ವಿಧಾನ ಒಂದೇ.

ಆದರೂ ತಾಮ್ರದ ಸ್ವಭಾವ ತಿಳಿದಿರಬೇಕು. ಡಿಎಸ್‌ಎಲ್ ಟೆಲಿಫೋನ್ ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಸೊರಗುತ್ತದೆ. ಎಡಿಎಸ್‌ಎಲ್ 2 ಪ್ಲಸ್ ಎಂಬ ಡಿಎಸ್‌ಎಲ್ ವಿಧದ ಮಿತಿಯೇ 24 ಎಂಬಿಪಿಎಸ್, ಅದೂ ಎಕ್ಸ್‌ಚೇಂಜಿನ ಪಕ್ಕದಲ್ಲಿದ್ದರೆ. ಅಪ್‌ಲೋಡ್ ಸುಮಾರು 1 ಎಂಬಿಪಿಎಸ್. ತಂತಿಯಲ್ಲಿನ ಗದ್ದಲದಿಂದ ಆಗುವ ತಪ್ಪು ಸರಿಪಡಿಸಲು ಇಂಟರ್‌ಲೀವಿಂಗ್ ಎಂಬ ಏರ್ಪಾಡು ಇದೆ. ಅದು ಆನ್ ಇದ್ದರೆ ಮೊದಲ ಹೆಜ್ಜೆಯಲ್ಲೇ ಹತ್ತಿಪ್ಪತ್ತು ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದ ಒಂದು ಭಾಗ) ಜಾಸ್ತಿ ಹಿಡಿಯುತ್ತದೆ. ಅದು ದಾರಿಯ ದೋಷವಲ್ಲ.

ಕೇಬಲಿನ ತೊಂದರೆ ಬೇರೆ. ಒಂದು ನೋಡ್‌ನಿಂದ (ಬೀದಿಗೆ ಲೈನ್ ಹಂಚುವ ಪೆಟ್ಟಿಗೆ) ಹೊರಟ ಲೈನನ್ನು ಅಕ್ಕಪಕ್ಕದ ಮನೆಗಳೆಲ್ಲ ಹಂಚಿಕೊಳ್ಳುತ್ತವೆ. ಬೆಳಿಗ್ಗೆ ಚೆನ್ನಾಗಿರುತ್ತದೆ, ರಾತ್ರಿ ಎಂಟರ ನಂತರ ಬಿಗಿಯುತ್ತದೆ. ಲೈನಿನ ನಡುವೆ ಇರುವ ಆಂಪ್ಲಿಫೈಯರಿಗೆ ಕರೆಂಟ್ ಬೇಕು. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದಕ್ಕೆ ಬ್ಯಾಕಪ್ ಇಲ್ಲದಿದ್ದರೆ ಲೈನ್ ಸತ್ತುಹೋಗುತ್ತದೆ.

ಹಂತ 2: ನೀವು ಹೋಗುವ ಊರುಗಳ ಪಟ್ಟಿ ಮಾಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಸ್ಪೀಡ್ ಟೆಸ್ಟ್ ಆಪ್ ತಾನಾಗಿಯೇ ಹತ್ತಿರದ ಸರ್ವರ್ ಆರಿಸುತ್ತದೆ. ಎಷ್ಟೋ ಸಲ ಆ ಸರ್ವರ್ ನಿಮ್ಮ ಕಂಪೆನಿಯ ಜಾಲದ ಒಳಗೇ ಇರುತ್ತದೆ. ಅಂದರೆ ಪ್ಯಾಕೆಟ್ ಕಂಪೆನಿಯ ಅಂಗಳ ದಾಟುವುದೇ ಇಲ್ಲ. ಅದರಿಂದ ತಂತಿಯ ಬಗ್ಗೆ ತಿಳಿಯುತ್ತದೆ, ದಾರಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಯೂಟ್ಯೂಬ್, ನೆಟ್‌ಫ್ಲಿಕ್ಸ್ ಕೂಡ ಹಾಗೇ. ಅವು ಇಂಟರ್ನೆಟ್ ಕಂಪೆನಿಗಳ ಒಳಗೇ ತಮ್ಮ ಸಂಗ್ರಹದ ಸರ್ವರ್ ಇಡುತ್ತವೆ. ವಿಡಿಯೋ ಸರಾಗವಾಗಿ ಓಡಿತು ಎಂದಮಾತ್ರಕ್ಕೆ ದಾರಿ ಚೆನ್ನಾಗಿದೆ ಎಂದು ಹೇಳಲು ಬರುವುದಿಲ್ಲ.

ಹಾಗಾಗಿ ನಿಮ್ಮ ಮನೆಯವರು ದಿನಾ ಎಲ್ಲಿಗೆ ಹೋಗುತ್ತಾರೆ ಎಂದು ಯೋಚಿಸಿ. ಮಗಳು ಬೆಂಗಳೂರಿನ ಕಂಪೆನಿಗೆ ಮನೆಯಿಂದ ಕೆಲಸ ಮಾಡುತ್ತಾಳಾ? ಆ ಕಂಪೆನಿಯ ವಿಪಿಎನ್ (ಆಫೀಸಿನ ಜಾಲದೊಳಗೆ ಹೋಗುವ ಸುರಕ್ಷಿತ ಬಾಗಿಲು) ಸರ್ವರಿನ ವಿಳಾಸ ಬೇಕು. ಮಗ ಆನ್‌ಲೈನ್ ಆಟ ಆಡುತ್ತಾನಾ? ಆ ಆಟದ ಸರ್ವರ್ ಮುಂಬೈಯಲ್ಲೋ ಸಿಂಗಾಪುರದಲ್ಲೋ ನೋಡಿ. ಉಪ್ಪಳ, ಕುಂಬಳೆ, ಕಾಸರಗೋಡು ಕಡೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಅಪರೂಪ. ಹಾಗಾಗಿ ಗಲ್ಫಿನ ದಾರಿ ನಮಗೆ ಬಹಳ ಮುಖ್ಯ.

ಪಟ್ಟಿಯಲ್ಲಿ ಚೆನ್ನೈ, ಮುಂಬೈ, ಸಿಂಗಾಪುರ, ಗಲ್ಫ್ ಒಂದೊಂದಾದರೂ ಇರಲಿ. ಜೊತೆಗೆ ನಿಮಗೆ ನಿಜವಾಗಿ ಬೇಕಾದ ಎರಡು ವಿಳಾಸ. ಅಮೆಜಾನ್ ಕ್ಲೌಡ್‌ನ ಕೇಂದ್ರಗಳು ಮುಂಬೈಯಲ್ಲಿ 2016ರಿಂದ, ಬಹರೈನ್‌ನಲ್ಲಿ 2019ರಿಂದ, ಹೈದರಾಬಾದ್ ಮತ್ತು ಯುಎಇಯಲ್ಲಿ 2022ರಿಂದ ಇವೆ. ಈ ಕೇಂದ್ರಗಳಿಗೆ ತಲುಪುವ ಸಮಯವನ್ನು ಬ್ರೌಸರಿನಲ್ಲೇ ತೋರಿಸುವ ಪುಟಗಳಿವೆ. ಕ್ಲೌಡ್ ಪಿಂಗ್ ಎಂದು ಹುಡುಕಿದರೆ ಸಿಗುತ್ತವೆ.

ಒಂದು ಎಚ್ಚರಿಕೆ. 8.8.8.8, 1.1.1.1 ಇಂಥ ವಿಳಾಸ ಒಂದೇ ಊರಿನಲ್ಲಿ ಇಲ್ಲ. ಒಂದೇ ವಿಳಾಸಕ್ಕೆ ಜಗತ್ತಿನ ಹತ್ತಾರು ನಗರಗಳಲ್ಲಿ ಸರ್ವರ್ ಇರುತ್ತದೆ. ಕೇಬಲಿನಿಂದ ಹೋದದ್ದು ಚೆನ್ನೈಗೆ ಮುಟ್ಟಬಹುದು, ಡಿಎಸ್‌ಎಲ್‌ನಿಂದ ಹೋದದ್ದು ಮುಂಬೈಗೆ. ಹೋಲಿಕೆಗೆ ಅದು ಉಪಯುಕ್ತವೇ, ಆದರೆ ಎರಡೂ ಒಂದೇ ಊರಿಗೆ ಹೋದವು ಎಂದು ಭಾವಿಸಬೇಡಿ. ಊರಿನ ಹೆಸರಿರುವ ವೆಬ್‌ಸೈಟ್ ಆ ಊರಿನಲ್ಲೇ ಇರುತ್ತದೆ ಎಂದೂ ಅಲ್ಲ. ಕಾಸರಗೋಡಿನ ಸಂಸ್ಥೆಯ ಸೈಟು ಅಮೆರಿಕದ ಸರ್ವರಿನಲ್ಲಿ ಕೂತಿರಬಹುದು.

ಹಂತ 3: ವೈಫೈ ಬಿಟ್ಟು ವಯರ್ ಹಾಕಿ

ಲ್ಯಾಪ್‌ಟಾಪನ್ನು ಲ್ಯಾನ್ ವಯರಿನಿಂದ ಮೋಡೆಮ್‌ಗೆ ಚುಚ್ಚಿ. ವೈಫೈಯ ಏರುಪೇರು ಸೇರಿಕೊಂಡರೆ ಎಲ್ಲ ಅಳತೆಯೂ ಹಾಳು. ಮನೆಯ ಬೇರೆ ಫೋನು, ಟಿವಿ ಸ್ವಲ್ಪ ಹೊತ್ತು ಆಫ್ ಇರಲಿ.

ಎರಡು ಕನೆಕ್ಷನ್ ನಿಮ್ಮಲ್ಲೇ ಇರಬೇಕೆಂದಿಲ್ಲ. ನಿಮ್ಮಲ್ಲಿ ಡಿಎಸ್‌ಎಲ್, ಪಕ್ಕದ ಮನೆಯಲ್ಲಿ ಕೇಬಲ್ ಇದ್ದರೆ ಅವರನ್ನೇ ಕೇಳಿ. ಇಬ್ಬರೂ ಒಂದೇ ಹೊತ್ತಿಗೆ, ಒಂದೇ ವಿಳಾಸಕ್ಕೆ ಅಳೆಯಿರಿ. ಹತ್ತು ಕಿಲೋಮೀಟರ್ ಆಚೆಯ ನೆಂಟರ ಮನೆಯ ಕೇಬಲ್ ಬೇಡ. ಬದಿಯಡ್ಕದ ನೋಡ್ ಬೇರೆ, ಪೆರ್ಲದ್ದು ಬೇರೆ. ಆಪರೇಟರ್ ಕೂಡ ಬೇರೆ ಇರಬಹುದು.

ಹಂತ 4: ಮೊದಲು ಪಿಂಗ್, ಆಮೇಲೆ ಟ್ರೇಸ್

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪಿ-ಐ-ಎನ್-ಜಿ ಎಂದು ಟೈಪ್ ಮಾಡಿ. ಒಂದು ಸ್ಪೇಸ್, ಹೈಫನ್, ಎನ್. ಮತ್ತೆ ಸ್ಪೇಸ್, 100. ಮತ್ತೆ ಸ್ಪೇಸ್, ವಿಳಾಸ. ಎಂಟರ್ ಒತ್ತಿ. ನೂರು ಪ್ಯಾಕೆಟ್ ಹೋಗಿ ಬರುತ್ತವೆ. ಕೊನೆಯಲ್ಲಿ ಅತಿ ಕಡಿಮೆ, ಅತಿ ಹೆಚ್ಚು, ಸರಾಸರಿ ಸಮಯ ಮತ್ತು ಎಷ್ಟು ಕಳೆದುಹೋದವು ಎಂದು ಸಿಗುತ್ತದೆ.

ಈ ಸಂಖ್ಯೆಗಳಲ್ಲಿ ಅತಿ ಕಡಿಮೆಯದ್ದನ್ನು ಮೊದಲು ನೋಡಿ. ದಾರಿಯಲ್ಲಿ ಯಾರೂ ಅಡ್ಡ ಇಲ್ಲದಾಗ ಪ್ಯಾಕೆಟ್ ಹಿಡಿದ ಸಮಯ ಅದು. ಅಂದರೆ ಅದು ದಾರಿಯ ಉದ್ದ ಹೇಳುತ್ತದೆ. ಸರಾಸರಿ ಅದಕ್ಕಿಂತ ಎಷ್ಟು ಮೇಲಿದೆ ಎಂಬುದು ದಾರಿಯಲ್ಲಿನ ನೂಕುನುಗ್ಗಲು ಹೇಳುತ್ತದೆ. ಕಡಿಮೆ 38, ಸರಾಸರಿ 40 ಮಿಲಿಸೆಕೆಂಡ್ ಇದ್ದರೆ ಒಳ್ಳೆಯ ಲೈನು. ಕಡಿಮೆ 22, ಸರಾಸರಿ 75 ಇದ್ದರೆ ದಾರಿ ಹತ್ತಿರದ್ದೇ, ಆದರೆ ಎಲ್ಲೋ ಕ್ಯೂ ಕಟ್ಟಿದೆ. ಸುಮ್ನೆ ಸರಾಸರಿ ಮಾತ್ರ ಹೋಲಿಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಈಗ ಟ್ರೇಸ್. ಟಿ-ಆರ್-ಎ-ಸಿ-ಇ-ಆರ್-ಟಿ, ಸ್ಪೇಸ್, ವಿಳಾಸ, ಎಂಟರ್. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಟ್ರೇಸ್‌ರೂಟ್ ಎಂಬ ಕಮಾಂಡ್ ಇದೆ. 1987ರಲ್ಲಿ ವ್ಯಾನ್ ಜೇಕಬ್ಸನ್ ಮಾಡಿದ ಉಪಾಯ ಇದು. ಪ್ರತಿ ಪ್ಯಾಕೆಟ್ಟಿಗೂ ಎಷ್ಟು ರೂಟರ್ (ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸುವ ಯಂತ್ರ) ದಾಟಬಹುದು ಎಂಬ ಎಣಿಕೆ ಇರುತ್ತದೆ. ಮೊದಲು ಒಂದು ಎಂದು ಕೊಟ್ಟು ಕಳಿಸಿದರೆ ಮೊದಲ ರೂಟರಿನಲ್ಲೇ ಎಣಿಕೆ ಮುಗಿದು, ಆ ರೂಟರ್ ‘ಇಲ್ಲಿಗೆ ಮುಗಿಯಿತು’ ಎಂದು ಉತ್ತರ ಕೊಡುತ್ತದೆ. ಆಮೇಲೆ ಎರಡು, ಮೂರು, ನಾಲ್ಕು. ಹೀಗೆ ದಾರಿಯ ಒಂದೊಂದು ರೂಟರೂ ತನ್ನ ವಿಳಾಸ ತಾನೇ ಹೇಳುತ್ತದೆ. ಈ ಒಂದೊಂದನ್ನು ಹಾಪ್ ಎನ್ನುತ್ತಾರೆ.

ಎರಡೂ ಒಟ್ಟಿಗೆ ಬೇಕಿದ್ದರೆ ವಿನ್‌ಎಂಟಿಆರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಲಿನಕ್ಸ್‌ನಲ್ಲಿ ಅದರ ಹೆಸರು ಎಂಟಿಆರ್. ವಿಳಾಸ ಕೊಟ್ಟು ಹತ್ತು ನಿಮಿಷ ಬಿಟ್ಟರೆ ಪ್ರತಿ ಹಾಪ್‌ಗೂ ಸಮಯ, ನಷ್ಟ ಎರಡನ್ನೂ ತೋರಿಸುತ್ತದೆ. ಫಲಿತಾಂಶ ಫೈಲ್ ಆಗಿ ಉಳಿಸಿಕೊಳ್ಳಬಹುದು. ನನ್ನನ್ನು ಕೇಳಿದರೆ ಇದೊಂದು ಸಾಕು.

ಹಂತ 5: ಟ್ರೇಸ್ ಓದುವುದು

ಇಲ್ಲಿ ನಿಧಾನವಾಗಿ ಹೋಗೋಣ. ಒಂದೇ ಮನೆಯಿಂದ ಚೆನ್ನೈಯ ಒಂದು ಸರ್ವರಿಗೆ ಎರಡು ಲೈನಿನಲ್ಲಿ ಟ್ರೇಸ್ ಮಾಡಿದಿರಿ ಎಂದುಕೊಳ್ಳಿ.

ಡಿಎಸ್‌ಎಲ್‌ನಲ್ಲಿ ಮೊದಲ ಹಾಪ್ ನಿಮ್ಮ ಮೋಡೆಮ್, 1 ಮಿಲಿಸೆಕೆಂಡ್. ಎರಡನೆಯದು ಕಂಪೆನಿಯ ರೂಟರ್, 28. ಮೂರನೆಯದು ಚೆನ್ನೈ, 40. ಕೊನೆಯದು 41.

ಕೇಬಲಿನಲ್ಲಿ ಮೊದಲನೆಯದು 1. ಎರಡನೆಯದು 9. ಮೂರನೆಯದು ಕೊಚ್ಚಿ, 15. ನಾಲ್ಕನೆಯದು ಚೆನ್ನೈ, 25. ಐದನೆಯದು ಸಿಂಗಾಪುರ, 59. ಆರನೆಯದು ಮತ್ತೆ ಚೆನ್ನೈ, 93. ಕೊನೆಯದು 94.

ನೋಡಿ, ತಂತಿಯ ಮಟ್ಟಿಗೆ ಕೇಬಲ್ಲೇ ಚುರುಕು. 28ಕ್ಕೆ ಎದುರು 9. ಆದರೆ ಚೆನ್ನೈಗೆ ಮುಟ್ಟಿದ ಪ್ಯಾಕೆಟ್ ಸಮುದ್ರ ದಾಟಿ ಸಿಂಗಾಪುರಕ್ಕೆ ಹೋಗಿ ಮತ್ತೆ ಚೆನ್ನೈಗೇ ಬಂದಿದೆ. ಆ ಕಂಪೆನಿಗೂ ಸರ್ವರಿನ ಕಂಪೆನಿಗೂ ಚೆನ್ನೈಯಲ್ಲಿ ನೇರ ಕೊಡು-ಕೊಳ್ಳುವಿಕೆ ಇಲ್ಲದಿದ್ದಾಗ ಹೀಗಾಗುತ್ತದೆ. ದೇಶದೊಳಗಿನ ಟ್ರಾಫಿಕ್ ದೇಶದೊಳಗೇ ಉಳಿಯಲಿ ಎಂದೇ 2003ರಲ್ಲಿ ನಿಕ್ಸಿ ಎಂಬ ಎಕ್ಸ್‌ಚೇಂಜ್ ಸಂಸ್ಥೆ ಹುಟ್ಟಿತು. ಆದರೂ ಎಲ್ಲ ಕಂಪೆನಿಗಳೂ ಎಲ್ಲರ ಜೊತೆ ನೇರ ಕೂಡುವುದಿಲ್ಲ. ಇಂಥ ಲೈನಿನಲ್ಲಿ ಸ್ಪೀಡ್ ಟೆಸ್ಟ್ 100 ಎಂಬಿಪಿಎಸ್ ತೋರಿಸುತ್ತದೆ, ಆಫೀಸಿನ ಕೆಲಸ ಮಾತ್ರ ತಡವರಿಸುತ್ತದೆ.

ಲೆಕ್ಕ ಸುಲಭ. ಕೊನೆಯ ಸಮಯದಿಂದ ಎರಡನೇ ಹಾಪ್‌ನ ಸಮಯ ಕಳೆಯಿರಿ. ಡಿಎಸ್‌ಎಲ್‌ಗೆ 13, ಕೇಬಲಿಗೆ 85. ಎರಡನೇ ಹಾಪ್ ತಂತಿಯ ಅಂಕ, ಉಳಿದದ್ದು ದಾರಿಯ ಅಂಕ.

ಆದರೆ ಒಂದು ಸೂಕ್ಷ್ಮ ಉಂಟು. ಡಿಎಸ್‌ಎಲ್‌ನಲ್ಲಿ ನಿಮ್ಮ ಲಾಗಿನ್ ತೆರೆಯುವ ರೂಟರ್ ನಿಮ್ಮ ಊರಿನ ಎಕ್ಸ್‌ಚೇಂಜಿನಲ್ಲೇ ಇರಬೇಕೆಂದಿಲ್ಲ. ಅದು ದೂರದ ನಗರದಲ್ಲಿದ್ದರೆ ಅಲ್ಲಿವರೆಗಿನ ಹಾದಿ ಟ್ರೇಸಿನಲ್ಲಿ ಕಾಣದೆ ಎರಡನೇ ಹಾಪ್‌ನಲ್ಲೇ ಸೇರಿಹೋಗುತ್ತದೆ. ಮೋಡೆಮಿನ ಪುಟದಲ್ಲಿ ಇಂಟರ್‌ಲೀವಿಂಗ್ ಇಲ್ಲ ಎಂದಿದ್ದೂ ಎರಡನೇ ಹಾಪ್ ದೊಡ್ಡದಿದ್ದರೆ ಇದನ್ನೇ ಸಂಶಯಪಡಬೇಕು.

ದೂರ ನಿಜವೋ ಎಂದು ಪರೀಕ್ಷಿಸಲು ಒಂದು ಸೂತ್ರ ನೆನಪಿಡಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ಪ್ರತಿ 100 ಕಿಲೋಮೀಟರಿಗೆ ಹೋಗಿ ಬರಲು 1 ಮಿಲಿಸೆಕೆಂಡ್. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ಅರ್ಧ ಮಿಲಿಸೆಕೆಂಡ್ ಸಾಕು. ಕೊಚ್ಚಿ, ಚೆನ್ನೈ, ಬೆಂಗಳೂರು ಸುತ್ತಿ ಹೋದರೆ ಸುಮಾರು 1800 ಕಿಲೋಮೀಟರ್, 18 ಮಿಲಿಸೆಕೆಂಡಿಗೆ ಕಡಿಮೆ ಆಗುವುದಿಲ್ಲ. ಚೆನ್ನೈಯಿಂದ ಸಿಂಗಾಪುರಕ್ಕೆ ಸಮುದ್ರದಡಿ 3000 ಕಿಲೋಮೀಟರ್‌ಗೂ ಜಾಸ್ತಿ, 30ರ ಮೇಲೆ. ಯಾವುದೋ ವೆಬ್‌ಸೈಟ್ ಒಂದು ಹಾಪ್‌ನ ವಿಳಾಸ ಲಂಡನ್ನಿನದು ಎಂದು ತೋರಿಸಿ, ಟ್ರೇಸಿನಲ್ಲಿ ಸಮಯ 20 ಎಂದಿದ್ದರೆ ಆ ವೆಬ್‌ಸೈಟ್ ಹೇಳಿದ್ದು ತಪ್ಪು. ಗಡಿಯಾರವನ್ನು ನಂಬಿ.

ಊರು ಗುರುತಿಸಲು ರೂಟರಿನ ಹೆಸರೂ ಸಹಾಯ ಮಾಡುತ್ತದೆ. ಅದರಲ್ಲಿ ವಿಮಾನ ನಿಲ್ದಾಣದ ಸಂಕೇತ ಸೇರಿಸುವುದು ಅನೇಕ ಕಂಪೆನಿಗಳ ರೂಢಿ. ಸಿಒಕೆ ಅಂದರೆ ಕೊಚ್ಚಿ, ಎಂಎಎ ಚೆನ್ನೈ, ಬಿಒಎಂ ಮುಂಬೈ, ಬಿಎಲ್‌ಆರ್ ಬೆಂಗಳೂರು, ಎಸ್‌ಐಎನ್ ಸಿಂಗಾಪುರ, ಎಂಆರ್‌ಎಸ್ ಫ್ರಾನ್ಸಿನ ಮಾರ್ಸೆ. ವಿಳಾಸ 100.64ರಿಂದ ಶುರುವಾದರೆ ನೀವು ಇತರ ಗ್ರಾಹಕರ ಜೊತೆ ಒಂದೇ ಹೊರವಿಳಾಸ ಹಂಚಿಕೊಂಡಿದ್ದೀರಿ ಎಂದರ್ಥ. ಸಾಮಾನ್ಯ ಬಳಕೆಗೆ ತೊಂದರೆಯಿಲ್ಲ. ಮನೆಯ ಸಿಸಿಟಿವಿಯನ್ನು ಹೊರಗಿನಿಂದ ನೇರ ತೆರೆಯಲು ಮಾತ್ರ ಕಷ್ಟ. ಜಾಲ ಯಾರದು ಎಂದು ತಿಳಿಯಲು ಎಎಸ್ ನಂಬರ್ (ಪ್ರತಿ ದೊಡ್ಡ ಜಾಲಕ್ಕೂ ಇರುವ ಗುರುತಿನ ಸಂಖ್ಯೆ) ನೋಡಿ. ಬಿಎಸ್‌ಎನ್‌ಎಲ್‌ನದು 9829, ಏರ್‌ಟೆಲ್ ಬ್ಯಾಕ್‌ಬೋನಿನದು 9498, ಟಾಟಾ ಕಮ್ಯುನಿಕೇಶನ್ಸ್‌ನದು 4755. ಹರಿಕೇನ್ ಎಲೆಕ್ಟ್ರಿಕ್ ಕಂಪೆನಿಯ ಬಿಜಿಪಿ ಟೂಲ್‌ಕಿಟ್ ಪುಟದಲ್ಲಿ ಐಪಿ ವಿಳಾಸ ಹಾಕಿದರೆ ಇದು ಸಿಗುತ್ತದೆ.

ಹೆದರಬೇಕಾದ್ದಕ್ಕೂ ಹೆದರಬೇಡದ್ದಕ್ಕೂ ವ್ಯತ್ಯಾಸ ತಿಳಿಯಿರಿ. ನಡುವಿನ ಒಂದು ಹಾಪ್‌ನಲ್ಲಿ 60 ಶೇಕಡಾ ನಷ್ಟ ಕಂಡು, ಅದರ ನಂತರದ ಎಲ್ಲ ಹಾಪ್‌ನಲ್ಲಿ ಸೊನ್ನೆ ಇದ್ದರೆ ಏನೂ ಆಗಿಲ್ಲ. ಪ್ಯಾಕೆಟ್ ದಾಟಿಸುವುದು ರೂಟರಿನ ಮುಖ್ಯ ಕೆಲಸ, ಟ್ರೇಸಿಗೆ ಉತ್ತರ ಕೊಡುವುದು ಬಿಡುವಾದಾಗ ಮಾಡುವ ಕೆಲಸ. ನಕ್ಷತ್ರ ಚಿಹ್ನೆ ಬಂದರೂ ಹಾಗೇ. ಒಂದು ಹಾಪ್‌ನಲ್ಲಿ ಶುರುವಾದ ನಷ್ಟ ಕೊನೆಯವರೆಗೂ ಮುಂದುವರಿದರೆ ಮಾತ್ರ ಅದು ನಿಜವಾದ ಕಾಯಿಲೆ. ಸಮಯಕ್ಕೂ ಇದೇ ನಿಯಮ. ನಡುವೆ ಏರಿ ಮತ್ತೆ ಇಳಿದರೆ ಬಿಡಿ, ಏರಿದ್ದು ಹಾಗೇ ನಿಂತರೆ ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು, ಟ್ರೇಸ್ ತೋರಿಸುವುದು ಹೋಗುವ ದಾರಿ ಮಾತ್ರ. ಬರುವ ದಾರಿ ಬೇರೆ ಇರಬಹುದು, ಸಮಯದಲ್ಲಿ ಮಾತ್ರ ಎರಡೂ ಸೇರಿರುತ್ತವೆ. ಹೋಗುವಾಗ ನೇರವಾಗಿದ್ದೂ ಸಮಯ ವಿಪರೀತ ಇದ್ದರೆ ತಪ್ಪು ಬರುವ ದಾರಿಯಲ್ಲಿ ಇರಬಹುದು.

ಹಂತ 6: ಗಲ್ಫಿನ ದಾರಿ

ಮುಂಬೈಯಿಂದ ಯುಎಇಗೆ ಸಮುದ್ರದಡಿಯ ಕೇಬಲ್ ನೇರ ಹೋಗುತ್ತದೆ. ಮುಂಬೈ ಮುಟ್ಟಿದ ಮೇಲೆ ಅಲ್ಲಿಂದ ದುಬೈಗೆ 30-40 ಮಿಲಿಸೆಕೆಂಡ್ ಜಾಸ್ತಿ ಆದರೆ ದಾರಿ ಒಳ್ಳೆಯದು. ಟ್ರೇಸಿನಲ್ಲಿ ಮಾರ್ಸೆ ಅಥವಾ ಲಂಡನ್ ಕಂಡು ಒಟ್ಟು ಸಮಯ 200ರ ಹತ್ತಿರ ಹೋದರೆ ಪ್ಯಾಕೆಟ್ ಯುರೋಪ್ ಸುತ್ತಿ ಗಲ್ಫಿಗೆ ಬರುತ್ತಿದೆ. ಸಿಂಗಾಪುರ ಸುತ್ತಿದರೂ 100 ದಾಟುತ್ತದೆ. ಮಾತು ಸಹಜವಾಗಿರಬೇಕಾದರೆ ಒಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ಇರಲಿ ಎನ್ನುತ್ತದೆ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಜಿ.114 ಶಿಫಾರಸು. ಹೋಗಿ ಬರಲು 200 ಅಂದರೆ ಒಂದು ಕಡೆಗೆ ಸುಮಾರು 100, ಹಾಗಾಗಿ ಸುತ್ತಿ ಬಂದರೂ ಕರೆ ಸಾಗೀತು. ಆದರೆ ಉದ್ದ ದಾರಿಯಲ್ಲಿ ತುಂಡಾಗುವ ಜಾಗ ಜಾಸ್ತಿ. 2024ರ ಆರಂಭದಲ್ಲಿ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲುಗಳು ಕಡಿದವು. ಎರಡನೇ ಸಲ ಭಾರತ, ಯುಎಇ ಎರಡು ಕಡೆಯೂ ಇಂಟರ್ನೆಟ್ ನಿಧಾನವಾಯಿತು. ಅಂಥ ಸುದ್ದಿ ಇರುವಾಗ ಮಾಡಿದ ಅಳತೆಯಿಂದ ಕಂಪೆನಿಯನ್ನು ತೂಗುವುದು ನ್ಯಾಯವಲ್ಲ. ಸ್ವಲ್ಪ ದಿನ ಕಾಯಿರಿ.

ಹಂತ 7: ರಾತ್ರಿ ಅಳೆಯಿರಿ, ಮಳೆಗೆ ಅಳೆಯಿರಿ

ಬೆಳಿಗ್ಗೆ ಆರು, ಮಧ್ಯಾಹ್ನ, ರಾತ್ರಿ ಒಂಬತ್ತು. ಒಂದು ವಾರ ಹೀಗೆ ಮಾಡಿ, ಅದರಲ್ಲಿ ಆದಿತ್ಯವಾರ ಸೇರಿರಲಿ. ರಾತ್ರಿ ಎರಡನೇ ಹಾಪ್‌ನಲ್ಲೇ ಸಮಯ ಏರಿದರೆ ನಿಮ್ಮ ಬೀದಿಯ ಲೈನ್ ತುಂಬಿದೆ. ಎರಡನೆಯದು ಹಾಗೇ ಇದ್ದು ನಾಲ್ಕೋ ಐದೋ ಏರಿದರೆ ಕಂಪೆನಿ ಹೊರಗಿನ ಜಾಲದಿಂದ ಕೊಂಡ ಬ್ಯಾಂಡ್‌ವಿಡ್ತ್ ಸಾಲುತ್ತಿಲ್ಲ. ಬೀದಿಯ ಲೈನಿನ ತೊಂದರೆಯನ್ನು ಸ್ಥಳೀಯ ಆಪರೇಟರ್ ಸರಿಮಾಡಬಲ್ಲರು. ಬ್ಯಾಂಡ್‌ವಿಡ್ತ್ ಕೊರತೆ ಅವರ ಕೈಯಲ್ಲಿ ಇಲ್ಲ.

ಲೈನ್ ಖಾಲಿ ಇರುವಾಗ ಮಾತ್ರವಲ್ಲ, ತುಂಬಿದಾಗಲೂ ನೋಡಿ. ಫೋನಿನಿಂದ ಒಂದು ದೊಡ್ಡ ವಿಡಿಯೋ ಅಪ್‌ಲೋಡ್ ಹಾಕಿ, ಅದೇ ಹೊತ್ತಿಗೆ ಪಿಂಗ್ ಓಡಿಸಿ. ಡಿಎಸ್‌ಎಲ್‌ನಲ್ಲಿ ಇದು ಬಹಳ ಮುಖ್ಯ. ಮೋಡೆಮಿನಲ್ಲಿ 128 ಕಿಲೋಬೈಟ್ ಕ್ಯೂ ನಿಂತರೆ, 1 ಎಂಬಿಪಿಎಸ್ ಅಪ್‌ಲೋಡಿನಲ್ಲಿ ಅದು ಖಾಲಿಯಾಗಲು ಒಂದು ಸೆಕೆಂಡ್ ಬೇಕು. ಅಷ್ಟು ಹೊತ್ತು ನಿಮ್ಮ ಮೀಟಿಂಗಿನ ಮಾತು ಹಿಂದೆ ಕಾಯುತ್ತಿರುತ್ತದೆ. ರೂಟರಿನಲ್ಲಿ ಕ್ಯೂಒಎಸ್ (ಟ್ರಾಫಿಕ್ಕಿಗೆ ಆದ್ಯತೆ, ಮಿತಿ ಹಾಕುವ ಸೌಲಭ್ಯ) ಇದ್ದರೆ ಅಪ್‌ಲೋಡಿಗೆ ಮಿತಿ ಹಾಕಿ, ತುಂಬಾ ಸುಧಾರಿಸುತ್ತದೆ. ಈ ಪರೀಕ್ಷೆಯನ್ನು ಕ್ಲೌಡ್‌ಫ್ಲೇರ್‌ನ ಸ್ಪೀಡ್ ಟೆಸ್ಟ್ ಪುಟವೂ ಮಾಡುತ್ತದೆ.

ನಮ್ಮ ಜೂನ್-ಜುಲೈಯ ಮಳೆಯಲ್ಲಿ ತಾಮ್ರದ ಜಾಯಿಂಟಿಗೆ ನೀರು ಹೊಕ್ಕರೆ ಡಿಎಸ್‌ಎಲ್ ಪದೇ ಪದೇ ಕಡಿಯುತ್ತದೆ. ಮೋಡೆಮಿನ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡೆದುಕೊಳ್ಳಲು ಲೈನಿಗೆ ಉಳಿದಿರುವ ಅಂತರ) ನೋಡಿ. 6 ಡಿಬಿಗಿಂತ ಕೆಳಗೆ ಇಳಿದಿದ್ದರೆ ಲೈನ್‌ಮ್ಯಾನ್‌ಗೆ ಹೇಳಿ, ಟ್ರೇಸ್ ಮಾಡಿ ಪ್ರಯೋಜನ ಇಲ್ಲ. ಅಕ್ಟೋಬರಿನ ಸಿಡಿಲು ಮಳೆಗೆ ಮೋಡೆಮಿನ ಪವರ್ ಮಾತ್ರವಲ್ಲ, ಫೋನಿನ ತಂತಿಯನ್ನೂ ಕಿತ್ತಿಡಿ.

ಹಂತ 8: ತೀರ್ಮಾನ, ಮತ್ತು ದೂರು

ನಿಮ್ಮ ಪಟ್ಟಿಯ ಪ್ರತಿ ಊರಿಗೂ ನಾಲ್ಕು ಅಂಕ ಬರೆಯಿರಿ: ಎರಡನೇ ಹಾಪ್, ಕೊನೆಯ ಕನಿಷ್ಠ, ರಾತ್ರಿಯ ಸರಾಸರಿ, ನಷ್ಟ. ನಷ್ಟ 1 ಶೇಕಡಾ ದಾಟಿದ ಲೈನಿನಲ್ಲಿ ಮೀಟಿಂಗ್, ಆಟ ಎರಡೂ ಕಷ್ಟ. ಸಿನಿಮಾ ನೋಡುವುದು, ಫೈಲ್ ಇಳಿಸುವುದು ಮಾತ್ರ ನಿಮ್ಮ ಕೆಲಸವಾದರೆ ಸುತ್ತು ದಾರಿಯ ಕೇಬಲ್ ಸಾಕು, ಅದರ ಅಗಲ, ಅಂದರೆ ಎಂಬಿಪಿಎಸ್, ನಿಮಗೆ ಬೇಕು. ದಿನವಿಡೀ ಬೆಂಗಳೂರಿನ ಸರ್ವರಿನಲ್ಲಿ ಕೆಲಸ ಮಾಡುವವರು 10 ಎಂಬಿಪಿಎಸ್‌ನ ನೇರ ದಾರಿಯನ್ನು 100ರ ಸುತ್ತು ದಾರಿಗೆ ಬಿಟ್ಟುಕೊಡಬೇಡಿ ಎಂಬುದು ನನ್ನ ಅಭಿಪ್ರಾಯ.

ಬದಲಿಸುವ ಮೊದಲು ಒಂದು ಸಲ ಹೇಳಿ ನೋಡಿ. ಬರೇ ‘ಸ್ಲೋ ಉಂಟು’ ಎಂದರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರವೇ ಬರುತ್ತದೆ. ಬದಲಿಗೆ ಹೀಗೆ ಬರೆಯಿರಿ: ‘ಇಂಥ ದಿನ ರಾತ್ರಿ ಒಂಬತ್ತಕ್ಕೆ ನನ್ನ ಐಪಿಯಿಂದ ಚೆನ್ನೈಯ ಈ ಐಪಿಗೆ ಟ್ರಾಫಿಕ್ ಸಿಂಗಾಪುರ ಸುತ್ತಿ ಹೋಗುತ್ತಿದೆ, ಐದನೇ ಹಾಪ್ ನೋಡಿ. ಬೇರೆ ಲೈನಿನಲ್ಲಿ ಇದೇ ಐಪಿಗೆ 41 ಮಿಲಿಸೆಕೆಂಡ್. ಎರಡೂ ಎಂಟಿಆರ್ ಲಗತ್ತಿಸಿದ್ದೇನೆ, ನಿಮ್ಮ ನೆಟ್‌ವರ್ಕ್ ವಿಭಾಗಕ್ಕೆ ದಾಟಿಸಿ.’ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ತೆಗೆದುಕೊಳ್ಳಿ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2012ರ ನಿಯಮದ ಪ್ರಕಾರ ದೂರಿಗೆ ನಂಬರ್ ಕೊಡಲೇಬೇಕು. ಉತ್ತರ ಸರಿ ಕಾಣದಿದ್ದರೆ ಅದೇ ಕಂಪೆನಿಯ ಅಪಲೇಟ್ ಅಥಾರಿಟಿಗೆ (ಮೇಲ್ಮನವಿ ಕೇಳುವವರು) ಹೋಗಲು ಆ ನಂಬರ್ ಬೇಕಾಗುತ್ತದೆ. ಹೊಸ ಲೈನ್ ಹಾಕಿಸಿದರೂ ಮೊದಲ ತಿಂಗಳು ಹಳೆಯದನ್ನು ಕಡಿಸಬೇಡಿ. ಇದೇ ಪಟ್ಟಿಯನ್ನು ಹೊಸ ಲೈನಿನಲ್ಲೂ ಒಂದು ವಾರ ಅಳೆದು, ಆಮೇಲೆ ಕಡಿಸಿ.